ಜಾತ್ ಅಂದರೆ ಯಾವ ಜಾತ್? ಫಕೀರರ ಹಾಡು ಬಿಡಿಸಿ ಓದುವ ಬಗೆ

ಜಾದವ್‌ಪುರ ಅಂದ ಕೂಡಲೇ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಅಲ್ಲಿಯ ವಿಶ್ವವಿದ್ಯಾಲಯ. ಕವಿ ಬುದ್ಧದೇವ ಬಸು 1956ರಲ್ಲಿ ಅಲ್ಲಿ ತೌಲನಿಕ ಸಾಹಿತ್ಯ ವಿಭಾಗ ಶುರು ಮಾಡಿದರು. ಭಾಷೆ ಭಾಷೆಗಳ ನಡುವೆ ಹಾಡು, ಕತೆ, ನಂಬಿಕೆಗಳು ಹೇಗೆ ಓಡಾಡುತ್ತವೆ ಎಂದು ಪಾಠವಾಗಿ ಓದುವ ಕೆಲಸ ನಮ್ಮ ದೇಶದಲ್ಲಿ ಬೇರು ಬಿಟ್ಟಿದ್ದು ಅಲ್ಲಿಂದ. ಅದೇ ಜಾದವ್‌ಪುರಕ್ಕೆ ಇನ್ನೊಂದು ಗುರುತೂ ಇದೆ. 2006ರಿಂದ ಅಲ್ಲಿನ ಶಕ್ತಿಗಢ ಮೈದಾನದಲ್ಲಿ ಜನವರಿಯ ಚಳಿಯಲ್ಲಿ ಬಾವುಲ್ ಫಕೀರ್ ಉತ್ಸವ ನಡೆಯುತ್ತ ಬಂದಿದೆ. ನದಿಯಾ, ಮುರ್ಶಿದಾಬಾದ್, ಬೀರ್‌ಭೂಮ್ ಕಡೆಯ ಹಳ್ಳಿಗಳಿಂದ ಏಕತಾರಿ, ದೋತಾರಾ ಹಿಡಿದು ಹಾಡುವವರು ಬರುತ್ತಾರೆ. ಕೇಳುವವರು ನಗರದ ಜನ. ದೇಶ ವಿಭಜನೆಯಾದಾಗ ಪೂರ್ವ ಬಂಗಾಳ ಬಿಟ್ಟು ಬಂದ ಎಷ್ಟೋ ಕುಟುಂಬಗಳು ಈ ಭಾಗದ ನಿರಾಶ್ರಿತರ ಕಾಲೊನಿಗಳಲ್ಲಿ ನೆಲೆ ನಿಂತವು. ಅವರ ಮಕ್ಕಳು, ಮೊಮ್ಮಕ್ಕಳು ಇರುವ ಊರು ಇದು.

ಅಲ್ಲಿ ಹಾಡುವ ಹಾಡುಗಳಲ್ಲಿ ರಾಧೆ, ಕೃಷ್ಣ, ಚೈತನ್ಯರ ಹೆಸರು ಬರುತ್ತದೆ. ಜೊತೆಗೇ ಅಲಿಫ್, ಮೀಮ್, ನಬಿ, ಮುರ್ಶಿದ್, ಮಕಾಮ್, ನೂರ್ ಎಂಬ ಪದಗಳೂ ಬರುತ್ತವೆ. ಬಂಗಾಳಿ ಗೊತ್ತಿರುವ ನಗರದ ಕೇಳುಗರಿಗೆ ಹಾಡಿನ ಉಳಿದ ಭಾಗ ತಿಳಿಯುತ್ತದೆ, ಈ ಪದಗಳ ಹತ್ತಿರ ಬಂದಾಗ ಅರ್ಥ ತಪ್ಪಿಹೋಗುತ್ತದೆ. ನಮ್ಮಂಥ ಉರ್ದು ಬಲ್ಲ ಕನ್ನಡಿಗರಿಗೆ ಇದು ಪೂರ್ತಿ ಉಲ್ಟಾ. ಬಂಗಾಳಿ ಅರ್ಥ ಆಗೋದಿಲ್ಲ, ಆದರೆ ನಡುನಡುವೆ ಈ ಪದಗಳು ಮಾತ್ರ ಮನೆಯವರ ದನಿಯ ಹಾಗೆ ಕಿವಿಗೆ ಬೀಳುತ್ತವೆ. ಈಗ ಮೊಬೈಲಿನಲ್ಲಿ ಲಾಲನ್ ಫಕೀರರ ಹಾಡು ಕೇಳುವ ನಮ್ಮ ಮಕ್ಕಳು "ಸರ್, ಇದರಲ್ಲಿ ನಮ್ಮ ಪದ ಇದೆ" ಅಂತಾರೆ. ಇದೆ, ನಿಜ. ಆದರೆ ನಮ್ಮ ಪದ ಇದೆ ಅಂದ ಮಾತ್ರಕ್ಕೆ ನಮಗೆ ಹಾಡು ಅರ್ಥವಾಯಿತೇ? ಈ ಬರಹದಲ್ಲಿ ನಾನು ಕೇಳುವ ಪ್ರಶ್ನೆ ಅದೊಂದೇ.

ಮೊದಲು ಲಾಲನರ ಬಗ್ಗೆ ಎರಡು ಮಾತು. ಅವರು ತೀರಿಕೊಂಡದ್ದು 1890ರ ಅಕ್ಟೋಬರ್ 17ರಂದು, ಕುಷ್ಟಿಯಾ ಹತ್ತಿರದ ಛೇಉಡಿಯಾ ಎಂಬ ಹಳ್ಳಿಯ ತಮ್ಮ ಅಖಾಡದಲ್ಲಿ. ಕುಷ್ಟಿಯಾ ಈಗ ಬಾಂಗ್ಲಾದೇಶದಲ್ಲಿದೆ, ಆಗ ನದಿಯಾ ಜಿಲ್ಲೆಗೆ ಸೇರಿತ್ತು. ಅಂದರೆ ಜಾದವ್‌ಪುರಕ್ಕೆ ಬರುವ ನದಿಯಾದ ಫಕೀರರು ಮತ್ತು ಗಡಿಯಾಚೆ ಕುಷ್ಟಿಯಾದಲ್ಲಿ ಹಾಡುವವರು ಒಂದೇ ಪರಂಪರೆಯವರು, ನಡುವೆ ಗೆರೆ ಬಿದ್ದಿದ್ದು ಆಮೇಲೆ. ಲಾಲನರು ಪುಸ್ತಕ ಬರೆದವರಲ್ಲ. ಅವರು ಹಾಡಿದರು, ಶಿಷ್ಯರು ಕೇಳಿ ಬರೆದುಕೊಂಡರು. ಬರೆದವರು ಕೂಡ ಹಳ್ಳಿಯ ಜನ, ನಾಲಿಗೆಯಲ್ಲಿ ಹೇಗೆ ಬಂತೋ ಹಾಗೇ ಬರೆದರು. ರವೀಂದ್ರನಾಥರ ಕೈಗೆ ಸಿಕ್ಕ ಅಂಥ ಹಾಡಿನ ಪುಸ್ತಕಗಳು ಇವತ್ತಿಗೂ ಶಾಂತಿನಿಕೇತನದ ರವೀಂದ್ರ ಭವನದಲ್ಲಿವೆ.

ಈ ನಾಲಿಗೆಯ ವಿಷಯ ತಿಳಿಯದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಬಂಗಾಳಿ ಬಾಯಲ್ಲಿ ಅರಬಿ, ಫಾರ್ಸಿ ಪದಗಳು ರೂಪ ಬದಲಿಸುತ್ತವೆ. 'ಅ' ಅನ್ನುವುದು 'ಒ' ಕಡೆ ವಾಲುತ್ತದೆ, ಮಕಾಮ್ ಹೋಗಿ ಮೊಕಾಮ್ ಆಗುತ್ತದೆ. 'ವ' ಅನ್ನುವುದು 'ಬ' ಆಗುತ್ತದೆ, ದರ್ವೇಶ್ ಹೋಗಿ ದೊರ್‌ಬೇಶ್. ಝಾಲ್, ಝೇ, ಝಾದ್, ಝೋಯ್ ಎಂದು ಉರ್ದುವಿನಲ್ಲಿ ನಾವು ಬೇರೆ ಬೇರೆ ಬರೆಯುವ ನಾಲ್ಕು ಅಕ್ಷರಗಳೂ ಅಲ್ಲಿ ಒಂದೇ 'ಜ' ಆಗಿಬಿಡುತ್ತವೆ. ನಗಬೇಡಿ, ನಮ್ಮಲ್ಲೂ ಇದೇ ಕತೆ. ದಖನಿ ಮಾತಾಡುವ ನಾವು ಖಾಫ್ ಅಕ್ಷರವನ್ನು 'ಖ' ಮಾಡಿ, ಗೋರಿಯ ಸ್ಥಳವನ್ನು ಖಬರ್‌ಸ್ತಾನ್ ಅನ್ನುತ್ತೇವೆ. ಕನ್ನಡ ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಲಖನೌದವನೊಬ್ಬ ಕೇಳಿದರೆ ಸುದ್ದಿಗಳ ಊರು ಅಂದುಕೊಂಡಾನು. ಅವನಿಗೆ ಖಬರ್ ಅಂದರೆ ಸುದ್ದಿ. ನಮಗೆ ಸುದ್ದಿಯೂ ಖಬರೇ, ಸಮಾಧಿಯೂ ಖಬರೇ. ಆದರೂ ನಾವು ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಯಾಕೆ? ಪಕ್ಕದ ಪದ ನೋಡಿ ತಿಳಿದುಕೊಳ್ಳುತ್ತೇವೆ. "ಖಬರ್ ಬಂತು" ಅಂದರೆ ಒಂದು, "ಖಬರಿನ ಮೇಲೆ ಮಣ್ಣು ಹಾಕಿದರು" ಅಂದರೆ ಇನ್ನೊಂದು. ಈ ಸಾಮಾನ್ಯ ಬುದ್ಧಿಯೇ ಫಕೀರರ ಹಾಡು ಓದುವುದಕ್ಕೂ ಬೇಕಾದದ್ದು.

ಈಗ ಜಾತ್ ಎಂಬ ಪದಕ್ಕೆ ಬನ್ನಿ. ಲಾಲನರ ಅತಿ ಪ್ರಸಿದ್ಧ ಹಾಡುಗಳಲ್ಲಿ ಒಂದು ಜಾತ್ ಎಂಬುದರ ರೂಪ ಹೇಗಿರುತ್ತದೆ ಎಂದು ಕೇಳುವ ಹಾಡು. ಸುನ್ನತ್ ಆದರೆ ಗಂಡಸು ಮುಸಲ್ಮಾನನೆಂದು ಗುರುತಾಗುತ್ತಾನೆ, ಹೆಂಗಸಿಗೆ ಏನು ಗುರುತು? ಜನಿವಾರದಿಂದ ಬ್ರಾಹ್ಮಣನನ್ನು ಗುರುತಿಸಬಹುದು, ಬ್ರಾಹ್ಮಣಿಯನ್ನು ಹೇಗೆ? ಇದು ಆ ಹಾಡಿನ ವಾದ. ವಚನಗಳನ್ನು ಓದಿ ಬೆಳೆದ ನಮಗೆ ಈ ಪ್ರಶ್ನೆ ಹೊಸದೇನಲ್ಲ. ಇಲ್ಲಿ ಜಾತ್ ಅಂದರೆ ಜಾತಿ, ಮತ, ಹುಟ್ಟಿನ ಗುಂಪು. ಸುನ್ನತ್ ಮತ್ತು ಜನಿವಾರ ಎರಡೂ ಪಕ್ಕದಲ್ಲೇ ನಿಂತು ಅದನ್ನು ಹೇಳುತ್ತಿವೆ.

ಆದರೆ ಫಕೀರರ ಬಾಯಲ್ಲಿ ಇನ್ನೊಂದು ಜಾತ್ ಇದೆ. ಅದು ಅರಬಿಯ ಝಾತ್. ಝಾಲ್, ಅಲಿಫ್, ತೇ. ಅರ್ಥ: ಸ್ವರೂಪ, ಮೂಲಸತ್ತ್ವ. ತಸವ್ವುಫ್ ಓದಿದವರಿಗೆ ಝಾತ್ ಮತ್ತು ಸಿಫಾತ್ ಎಂಬ ಜೋಡಿ ಗೊತ್ತು. ಝಾತ್ ಅಂದರೆ ಅಲ್ಲಾಹನ ಇರವು, ಸಿಫಾತ್ ಅಂದರೆ ಅವನ ಗುಣಗಳು. ಬಂಗಾಳಿಯಲ್ಲಿ ಝಾತ್ ಬರೆದರೂ ಜಾತ್, ಜಾತಿ ಎಂಬರ್ಥದಲ್ಲಿ ಬರೆದರೂ ಜಾತ್. ಅಕ್ಷರ ಒಂದೇ, ಉಚ್ಚಾರಣೆ ಒಂದೇ. ಹಾಗಾಗಿ ಹಾಡಿನಲ್ಲಿ ಜಾತ್ ಜೊತೆಗೆ 'ಸೆಫಾತ್' ಬಂದರೆ ಅಲ್ಲಿ ಜಾತಿಯ ಮಾತಿಲ್ಲ, ದೇವರ ಸ್ವರೂಪದ ಮಾತಿದೆ. ಬರೀ ಬಂಗಾಳಿ ನಿಘಂಟು ನೋಡುವವರು ಇಲ್ಲಿ ಜಾತಿ ಎಂದು ಓದಿ ಎಡವುತ್ತಾರೆ.

ಹಾಗಾದರೆ ಉರ್ದು ಬಲ್ಲವರು ಗೆದ್ದರಾ? ಅದೂ ಇಲ್ಲ. ಉರ್ದುವಿನಲ್ಲೇ ಜಾತಿಭೇದಕ್ಕೆ ಝಾತ್-ಪಾತ್ ಅನ್ನುತ್ತೇವೆ, ಝಾಲ್ ಹಾಕಿಯೇ ಬರೆಯುತ್ತೇವೆ. ಅಂದರೆ ಸಂಸ್ಕೃತ ಮೂಲದ ಜಾತಿಯೂ ಅರಬಿಯ ಝಾತ್ ಕೂಡ ನಮ್ಮ ಭಾಷೆಯಲ್ಲೂ ಯಾವತ್ತೋ ಒಂದರೊಳಗೊಂದು ಬೆರೆತುಹೋಗಿವೆ. ಅಕ್ಷರ ನೋಡಿ ತೀರ್ಮಾನ ಮಾಡುವಂತಿಲ್ಲ. ಪಕ್ಕದ ಪದವನ್ನೇ ನೋಡಬೇಕು. ಸುನ್ನತ್, ಜನಿವಾರ ಇದ್ದರೆ ಜಾತಿ. ಸೆಫಾತ್, ನೂರ್ ಇದ್ದರೆ ಸ್ವರೂಪ. ಎರಡೂ ಇದ್ದರೆ? ಆಗ ಹಾಡಿದವನೇ ಎರಡನ್ನೂ ಸೇರಿಸಿರಬಹುದು ಎಂದು ಸ್ವಲ್ಪ ನಿಲ್ಲಬೇಕು. ಹುಟ್ಟಿನ ಜಾತ್ ಕೇಳುವವನಿಗೆ ನಿನ್ನ ನಿಜವಾದ ಝಾತ್ ಏನು ಎಂದು ತಿರುಗಿ ಕೇಳಿದ ಹಾಗೆ. ಇದನ್ನು ಎಲ್ಲ ಹಾಡಿನ ಮೇಲೂ ಹೇರಲು ಹೋಗಬಾರದು. ಆಧಾರ ಸಿಕ್ಕಲ್ಲಿ ಮಾತ್ರ ಹೇಳಬೇಕು.

ಉರ್ದು ಬಲ್ಲವರಿಗೆ ಇದಕ್ಕಿಂತ ದೊಡ್ಡ ಗುಂಡಿ ಬರ್ಝಖ್ ಎಂಬ ಪದದಲ್ಲಿದೆ. ಮದರಸಾದಲ್ಲಿ ಕಲಿತ ಯಾವ ಮಗುವನ್ನು ಕೇಳಿದರೂ ಬರ್ಝಖ್ ಅಂದರೆ ಸಾವಿಗೂ ಕಿಯಾಮತ್‌ಗೂ ನಡುವಿನ ಸ್ಥಿತಿ ಎಂದು ಹೇಳುತ್ತದೆ. ಸರಿಯಾದ ಉತ್ತರವೇ. ಆದರೆ ಬಂಗಾಳದ ಫಕೀರರು ಬೊರ್‌ಜೋಖ್ ಎಂದಾಗ ಹೆಚ್ಚಾಗಿ ಹೇಳುವುದು ಮುರ್ಶಿದನ ರೂಪವನ್ನು, ಅಂದರೆ ಧ್ಯಾನದಲ್ಲಿ ಶಿಷ್ಯ ಕಣ್ಣ ಮುಂದೆ ತಂದುಕೊಳ್ಳುವ ಗುರುವಿನ ರೂಪವನ್ನು. ಸೂಫಿ ಪುಸ್ತಕಗಳಲ್ಲಿ ತಸವ್ವುರೆ ಶೇಖ್ ಎಂದು ಇದೇ ಸಾಧನೆಯ ವಿವರಣೆ ಇದೆ. ಬರ್ಝಖ್ ಪದದ ಮೂಲಾರ್ಥ ನಡುವಿನ ತಡೆ, ನಡುವೆ ಇರುವುದು. ಅಲ್ಲಾಹನಿಗೂ ದಾಸನಿಗೂ ನಡುವೆ ಗುರು ನಿಲ್ಲುತ್ತಾನೆ, ಆದ್ದರಿಂದ ಅವನ ರೂಪ ಬರ್ಝಖ್. ಅರ್ಥ ತಪ್ಪಿಲ್ಲ, ದಾರಿ ಬೇರೆ ಹಿಡಿದಿದೆ. ಇದು ತಿಳಿಯದೆ ಉರ್ದು ನಿಘಂಟು ಹಿಡಿದು ಕೂತರೆ ಗುರುಭಕ್ತಿಯ ಹಾಡು ನಮ್ಮ ಕೈಯಲ್ಲಿ ಗೋರಿಯ ಹಾಡಾಗಿಬಿಡುತ್ತದೆ. ಪದ ನಮ್ಮದು ಅನ್ನುವ ಧೈರ್ಯವೇ ಇಲ್ಲಿ ಅಡ್ಡ ಬರುತ್ತದೆ. ಪದದ ಹುಟ್ಟೂರು ತಿಳಿದರೆ ಸಾಲದು, ಈಗ ಅದು ಯಾರ ಮನೆಯಲ್ಲಿ ಬಾಳ್ವೆ ಮಾಡುತ್ತಿದೆ ಎಂದೂ ತಿಳಿಯಬೇಕು.

ಮೂರನೆಯದು ಮೀಮ್. ಇದು ಸ್ವಲ್ಪ ಸೂಕ್ಷ್ಮ ವಿಷಯ. ಅಹದ್ ಎಂದು ಬರೆಯಲು ಅಲಿಫ್, ಹೇ, ದಾಲ್. ಅಹ್ಮದ್ ಎಂದು ಬರೆಯಲು ಅಲಿಫ್, ಹೇ, ಮೀಮ್, ದಾಲ್. ಒಬ್ಬನೇ ಆದ ದೇವರ ಹೆಸರಿಗೂ ನಬಿಯವರ ಹೆಸರಿಗೂ ನಡುವೆ ಒಂದು ಮೀಮ್ ಮಾತ್ರ ವ್ಯತ್ಯಾಸ. ಈ ಅಕ್ಷರದ ಆಟ ಲಾಲನರು ಕಟ್ಟಿದ್ದಲ್ಲ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಫಾರ್ಸಿಯಲ್ಲಿ ಮಹಮೂದ್ ಶಬಿಸ್ತರಿ ಬರೆದ 'ಗುಲ್ಶನೆ ರಾಝ್' ಕಾವ್ಯದಲ್ಲೇ ಇದೆ. ಅಲ್ಲಿಂದ ಇಲ್ಲಿಯವರೆಗೆ ಸೂಫಿ ಹಾಡುಗಳ ಜೊತೆ ಎಷ್ಟೋ ಭಾಷೆಗಳಿಗೆ ನಡೆದು ಬಂದಿದೆ. ಬಂಗಾಳದ ಫಕೀರರ ಹಾಡುಗಳಲ್ಲಿ ಮೀಮ್ ಬಂದರೆ ಈ ಹಿನ್ನೆಲೆ ಮನಸ್ಸಿನಲ್ಲಿರಬೇಕು. ಅದು ಗೊತ್ತಿಲ್ಲದ ಅನುವಾದಕ 'ಮ ಎಂಬ ಅಕ್ಷರ' ಎಂದು ಬರೆದು ಸುಮ್ಮನಾಗುತ್ತಾನೆ. ಓದುಗನಿಗೆ ಅದು ಬರೀ ಒಗಟು.

ಮೀಮ್ ತೆಗೆದರೆ ಉಳಿಯುವುದು ಅಹದ್ ಎಂದಾಗ, ನಬಿಯವರೇ ದೇವರೆಂದು ಹೇಳಿದ ಹಾಗಾಯಿತು ಎಂದು ಉಲಮಾಗಳು ಆಕ್ಷೇಪ ಎತ್ತಿದ್ದಾರೆ. ಆಕ್ಷೇಪ ಸಣ್ಣದೇನಲ್ಲ. ತೌಹೀದ್ ನಮ್ಮ ಈಮಾನಿನ ಬುಡ. ಸೂಫಿಗಳ ಉತ್ತರವೂ ಇದೆ: ಮೀಮ್ ಅಂದರೆ ಸೃಷ್ಟಿಯ ಪರದೆ, ದಾಸನ ಸ್ಥಾನ. ಅದು ಇರುವವರೆಗೆ ದಾಸ ದಾಸನೇ. ಹಾಡನ್ನು ಬಿಡಿಸುವವರು ಈ ಎರಡೂ ಮಾತನ್ನು ಓದುಗರ ಮುಂದಿಡಬೇಕು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ಅದು ವಿಮರ್ಶೆ ಅಲ್ಲ, ವಕೀಲಿಕೆ. ನಾನು ಒಪ್ಪದ ಹಾಡನ್ನೂ ಸರಿಯಾಗಿ ಓದುವ ಜವಾಬ್ದಾರಿ ನನ್ನ ಮೇಲಿದೆ. ಅರ್ಥ ತಿಳಿದುಕೊಳ್ಳುವುದು ಬೇರೆ, ಒಪ್ಪುವುದು ಬೇರೆ.

ಇನ್ನು ಗೂಢಾರ್ಥದ ವಿಷಯ. ಬಂಗಾಳಿಯ ಅತಿ ಹಳೆಯ ಹಾಡುಗಳೆನಿಸಿದ ಚರ್ಯಾಪದಗಳ ಹಸ್ತಪ್ರತಿಯನ್ನು ಹರಪ್ರಸಾದ ಶಾಸ್ತ್ರಿಯವರು 1907ರಲ್ಲಿ ನೇಪಾಳದ ರಾಜಗ್ರಂಥಾಲಯದಲ್ಲಿ ಕಂಡರು, 1916ರಲ್ಲಿ ಅಚ್ಚು ಹಾಕಿಸಿದರು. ಅವು ಬೌದ್ಧ ಸಿದ್ಧರ ಹಾಡುಗಳು. ಅದರ ಭಾಷೆಗೆ ಅವರು ಸಂಧ್ಯಾಭಾಷೆ ಅಂದರು, ಅರ್ಧ ಬೆಳಕು ಅರ್ಧ ಕತ್ತಲೆಯ ಭಾಷೆ. ವಿಧುಶೇಖರ ಶಾಸ್ತ್ರಿಯವರು ತಕರಾರು ತೆಗೆದು, ಅದು ಸಂಧ್ಯಾ ಅಲ್ಲ, ಸಂಧಾ. ಅಂದರೆ ಬೇಕೆಂದೇ ಒಳ ಉದ್ದೇಶ ಇಟ್ಟು ಆಡಿದ ಮಾತು ಎಂದರು. ವ್ಯತ್ಯಾಸ ಒಂದು ಅಕ್ಷರದ್ದು, ಆದರೆ ಓದುವ ಕ್ರಮವೇ ಬದಲಾಗುತ್ತದೆ. ಮಬ್ಬು ಎಂದುಕೊಂಡರೆ ನಮಗೆ ತೋಚಿದ ಅರ್ಥ ಹಚ್ಚಬಹುದು. ಉದ್ದೇಶ ಇದೆ ಎಂದುಕೊಂಡರೆ ಆ ಉದ್ದೇಶ ಯಾರದು, ಯಾವ ಸಾಧನೆಯದು ಎಂದು ಹುಡುಕಬೇಕು. ಕನ್ನಡದವರಿಗೆ ಇದು ಕಷ್ಟವಾಗಬಾರದು. ಅಲ್ಲಮನ ಬೆಡಗಿನ ವಚನಗಳನ್ನು ನಾವು ಮಬ್ಬು ಎಂದು ಓದುವುದಿಲ್ಲ.

ಬಾವುಲ್, ಫಕೀರರ ಹಾಡಿನಲ್ಲೂ ಹಕ್ಕಿ, ಪಂಜರ, ನದಿ, ಚಂದ್ರ ಎಲ್ಲ ಸಂಕೇತಗಳೇ. ನಾಲ್ಕು ಚಂದ್ರ ಎಂಬುದು ದೇಹದಿಂದ ಹೊರಬರುವ ನಾಲ್ಕು ವಸ್ತುಗಳಿಗೆ ಸಂಬಂಧಿಸಿದ ಗುಪ್ತ ಸಾಧನೆ ಎಂದು ಸಂಶೋಧಕರು ತೋರಿಸಿದ್ದಾರೆ. ಅದು ಗೊತ್ತಾದ ಮೇಲೆ ಕೆಲವರು ಸಿಕ್ಕ ಸಿಕ್ಕ ಪದವನ್ನೆಲ್ಲ ದೇಹಕ್ಕೇ ಕಟ್ಟುತ್ತಾರೆ. ಮಕಾಮ್ ಎಂದರೆ ದೇಹದ ಒಂದು ಸ್ಥಾನ, ಅಷ್ಟೇ ಅಂತಾರೆ. ಆದರೆ ನಾಸೂತ್, ಮಲಕೂತ್, ಜಬರೂತ್, ಲಾಹೂತ್ ಎಂಬ ನಾಲ್ಕು ಲೋಕಗಳ ಸೂಫಿ ಲೆಕ್ಕ ಗೊತ್ತಿದ್ದ ಗುರುವೇ ಆ ಲೋಕಗಳನ್ನು ದೇಹದೊಳಗೆ ಇಟ್ಟು ತೋರಿಸಿದ್ದು. ಮೊದಲಿನ ಲೆಕ್ಕ ಅಳಿಸಿದರೆ ಎರಡನೆಯದಕ್ಕೆ ಬೆಲೆ ಎಲ್ಲಿ? ಶರೀಫಜ್ಜನ ಸೋರುವ ಮಾಳಿಗೆ ದೇಹವೂ ಹೌದು, ಮೊದಲು ಅದು ಧಾರವಾಡ ಸೀಮೆಯ ಮಣ್ಣಿನ ಮಾಳಿಗೆ. ಮಣ್ಣಿನ ಮಾಳಿಗೆ ಸೋರುವುದನ್ನು ಕಾಣದವರಿಗೆ ಒಳ ಅರ್ಥವೂ ಅರ್ಧವೇ ತಲುಪುತ್ತದೆ.

ನನ್ನ ದೊಡ್ಡ ತಕರಾರು ಇರುವುದು ಒಳ್ಳೆಯ ಮನಸ್ಸಿನವರ ಓದಿನ ಬಗ್ಗೆ. ರವೀಂದ್ರನಾಥರು 1915-16ರಲ್ಲಿ 'ಪ್ರಬಾಸಿ' ಪತ್ರಿಕೆಯಲ್ಲಿ ಲಾಲನರ ಇಪ್ಪತ್ತು ಹಾಡು ಪ್ರಕಟಿಸಿದರು. ಅದಕ್ಕೂ ಮೊದಲೇ 'ಗೋರಾ' ಕಾದಂಬರಿಯ ಆರಂಭದಲ್ಲಿ ಬೀದಿಯಲ್ಲಿ ಹೋಗುವ ಬಾವುಲನ ಬಾಯಲ್ಲಿ ಪಂಜರದ ಹಕ್ಕಿಯ ಹಾಡು ಹಾಡಿಸಿದ್ದರು. 1930ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಭಾಷಣಗಳಲ್ಲೂ ಬಾವುಲರ 'ಮನದ ಮನುಷ್ಯ'ನನ್ನು ನೆನೆದರು. ಹಳ್ಳಿಯ ಫಕೀರನಿಗೆ ಲೋಕದ ಮುಂದೆ ಗೌರವ ಸಿಕ್ಕಿದ್ದು ಅವರಿಂದ, ಈ ಉಪಕಾರ ಮರೆಯುವಂತಿಲ್ಲ. ಆದರೆ ಅವರ ನಂತರ ಬಂದ ಓದುವ ಜನ 'ಬಾವುಲರಿಗೆ ಧರ್ಮವಿಲ್ಲ, ಅದು ಬರೀ ಮಾನವಧರ್ಮ' ಎಂಬ ಒಂದೇ ಸಾಲಿನ ಉತ್ತರ ಕಂಠಪಾಠ ಮಾಡಿಕೊಂಡರು. ಓದಿದ ವರ್ಗ ತನಗೆ ಬೇಕಾದ ಬಾವುಲನನ್ನು ಹೇಗೆ ಕಟ್ಟಿಕೊಂಡಿತು ಎಂಬುದನ್ನು ಜೀನ್ ಓಪನ್‌ಶಾ 2002ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ.

ಮಾನವಧರ್ಮ ಎಂಬ ಮಾತು ಸುಳ್ಳಲ್ಲ. ಆದರೆ ಅದು ತೀರ್ಮಾನ. ಲೆಕ್ಕ ಬಿಡಿಸದೆ ಉತ್ತರ ಬರೆದ ವಿದ್ಯಾರ್ಥಿಗೆ ನಾವು ಪೂರ್ತಿ ಅಂಕ ಕೊಡುತ್ತೇವಾ? ಫಕೀರ ಅಲ್ಲಿಗೆ ತಲುಪಿದ್ದು ಅಲಿಫ್, ಮೀಮ್, ಝಾತ್, ಬರ್ಝಖ್ ಎಂಬ ಮೆಟ್ಟಿಲು ಹತ್ತಿ. ಜೊತೆಗೆ ವೈಷ್ಣವರ ಮೆಟ್ಟಿಲನ್ನೂ ಹತ್ತಿದ. ಅನುವಾದದಲ್ಲಿ ನಬಿಯನ್ನು 'ಮಹಾತ್ಮ', ಮುರ್ಶಿದನನ್ನು 'ಗೆಳೆಯ', ನೂರನ್ನು ಬರೀ 'ಬೆಳಕು' ಮಾಡಿದರೆ ಮೆಟ್ಟಿಲು ಕಿತ್ತು ಮಹಡಿ ತೋರಿಸಿದ ಹಾಗೆ. ಇದಕ್ಕೆ ವಿರುದ್ಧ ಮಾದರಿಯೂ ಇದೆ. ಅಮೆರಿಕದ ಕ್ಯಾರೊಲ್ ಸಾಲೊಮನ್ ಎಂಬ ವಿದ್ವಾಂಸೆ ವರ್ಷಗಟ್ಟಲೆ ಲಾಲನರ ಹಾಡುಗಳ ಮೇಲೆ ಕೆಲಸ ಮಾಡಿ 2009ರಲ್ಲಿ ತೀರಿಕೊಂಡರು. ಅವರ ಅನುವಾದಗಳ ಪುಸ್ತಕ 2017ರಲ್ಲಿ ಬಂತು. ಬಂಗಾಳಿ ಪಾಠ ಕೊಟ್ಟು, ಅನುವಾದ ಕೊಟ್ಟು, ಇಸ್ಲಾಮೀ ಪದಕ್ಕೂ ತಾಂತ್ರಿಕ ಪದಕ್ಕೂ ಟಿಪ್ಪಣಿ ಕೊಡುವ ಕ್ರಮ ಅವರದು. ಹೊರಗಿನವರಾಗಿ ಅವರು ಪಟ್ಟ ಶ್ರಮವನ್ನು ನೋಡಿ ನಾವು ಕಲಿಯಬೇಕು.

ಇಷ್ಟೆಲ್ಲ ಪದದ ಜಗಳ ಯಾಕೆ, ಹಾಡು ಕೇಳಿ ಸಂತೋಷಪಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು, ಯಾಕೆಂದರೆ ಈ ಪದಗಳಿಗಾಗಿ ಜನ ಏಟು ತಿಂದಿದ್ದಾರೆ. 1920ರ ದಶಕದಲ್ಲಿ ರಂಗಪುರದ ಮೌಲಾನಾ ರೆಯಾಜುದ್ದೀನ್ ಅಹ್ಮದ್ ಬಾವುಲರನ್ನು ಇಲ್ಲವಾಗಿಸಬೇಕೆಂದು ಒಂದು ಫತ್ವಾ ಪುಸ್ತಕವನ್ನೇ ಹೊರಡಿಸಿದರು. ಅದರ ನಂತರವೂ ಮುರ್ಶಿದಾಬಾದ್, ನದಿಯಾ ಹಳ್ಳಿಗಳಲ್ಲಿ ಫಕೀರರ ಕೂದಲು ಕತ್ತರಿಸಿ, ಏಕತಾರಿ ಮುರಿದು, ಬಹಿಷ್ಕಾರ ಹಾಕಿದ ಘಟನೆಗಳನ್ನು ಶಕ್ತಿನಾಥ ಝಾ ದಾಖಲಿಸಿದ್ದಾರೆ. ಅಂದರೆ ಊರಿನಲ್ಲಿ ಫಕೀರನಿಗೆ 'ನೀನು ಮುಸಲ್ಮಾನನಲ್ಲ' ಅನ್ನುತ್ತಾರೆ. ನಗರದ ವೇದಿಕೆಯಲ್ಲಿ 'ನಿನಗೆ ಧರ್ಮವೇ ಇಲ್ಲ, ಎಷ್ಟು ಚೆನ್ನ' ಅನ್ನುತ್ತಾರೆ. ಒಂದು ಹೊಡೆತ, ಒಂದು ಚಪ್ಪಾಳೆ. ಎರಡನ್ನೂ ಸಮ ಎನ್ನಲಾರೆ, ಹೊಡೆತ ಹೊಡೆತವೇ. ಆದರೆ ಎರಡೂ ಕಡೆ ಅವನ ಬಾಯಿಯ ನಬಿ, ಮುರ್ಶಿದ್ ಎಂಬ ಮಾತನ್ನು ಅವನ ಅರ್ಥದಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇದು ಬಂಗಾಳದ ಕತೆ, ನಮಗೇನು ಎಂದು ಪಕ್ಕಕ್ಕೆ ಇಡುವ ಹಾಗಿಲ್ಲ. ಲಾಲನರು ತೀರಿಕೊಂಡ ಹಿಂದಿನ ವರ್ಷ, 1889ರಲ್ಲಿ, ನಮ್ಮ ಶಿಶುನಾಳ ಶರೀಫರು ತೀರಿಕೊಂಡರು. ಅವರೂ ಕೆಲಕಾಲ ಮೇಷ್ಟ್ರಾಗಿದ್ದವರು. ಗೋವಿಂದ ಭಟ್ಟರ ಶಿಷ್ಯ, ಇಮಾಮ ಸಾಹೇಬರ ಮಗ. ಸಿ. ಅಶ್ವಥ್ ಅವರ ದನಿಯಿಂದ, 1990ರ ನಾಗಾಭರಣರ ಸಿನಿಮಾದಿಂದ ಶರೀಫರು ಮನೆ ಮನೆಗೆ ಬಂದರು. ಒಳ್ಳೆಯದೇ ಆಯಿತು. ಆದರೆ ಅದೇ ಶರೀಫರು ಮೊಹರಂಗಾಗಿ ಕಟ್ಟಿದ ರಿವಾಯತ್ ಪದಗಳು, ಕರ್ಬಲಾದ ಹಸನ್ ಹುಸೇನರ ಪದಗಳು ನಮ್ಮ ಸಭೆಗಳಲ್ಲಿ ಎಷ್ಟು ಕೇಳಿಬರುತ್ತವೆ? ಭಾವಗೀತೆಯ ವೇದಿಕೆಗೆ ಅವು ತೀರ ಮುಸಲ್ಮಾನ ಪದಗಳು. ನಮ್ಮ ಕೆಲವು ಮನೆಗಳಿಗೆ ಅವು ತೀರ ಹಿಂದೂ ಪದಗಳು. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಪಂಜಾಗಳಿಗೆ ಅಲಾಯಿ ದೇವರು ಅನ್ನುತ್ತಾರೆ. ಆ ದೇವರು ಎಂಬ ಪದ ಕೇಳಿ ನಮ್ಮ ಹುಡುಗರು ಮುಜುಗರ ಪಡುತ್ತಾರೆ. ಆ ಊರಿನ ಬಾಯಲ್ಲಿ ಆ ಪದಕ್ಕೆ ಏನು ತೂಕ, ಯಾರು ಯಾವ ಭಾವದಿಂದ ಹೇಳುತ್ತಾರೆ ಎಂದು ವಿಚಾರಿಸದೆ ತೀರ್ಪು ಕೊಡುವುದು, ಬರ್ಝಖ್ ಅಂದ ಕೂಡಲೇ ಗೋರಿ ಅಗೆದ ಹಾಗೆ.

ವಿದ್ಯಾರ್ಥಿಗಳಿಗೆ ಕೊನೆಗೆ ನಾನು ಹೇಳುವುದು ಇಷ್ಟು. ಅರ್ಥವಾಗದ ಭಾಷೆಯ ಹಾಡಿನಲ್ಲಿ ಗುರುತಿನ ಪದ ಕೇಳಿಸಿದರೆ ಖುಷಿಪಡಿ, ಆದರೆ ಅಲ್ಲೇ ನಿಲ್ಲಬೇಡಿ. ಅದು ಆ ನಾಡಿನ ನಾಲಿಗೆಯಲ್ಲಿ ಹೇಗೆ ಬದಲಾಗಿದೆ ನೋಡಿ. ಪಕ್ಕದ ಪದ ನೋಡಿ. ಹಾಡುವವರ ಸಾಧನೆಯಲ್ಲಿ ಆ ಪದದಿಂದ ಏನು ಕೆಲಸ ನಡೆಯುತ್ತದೆ ಎಂದು ಕೇಳಿ. ಒಪ್ಪದವರು ಯಾಕೆ ಒಪ್ಪುವುದಿಲ್ಲ ಎಂಬುದನ್ನೂ ಓದಿ. ಇಷ್ಟಾದ ಮೇಲೆ ನಿಮ್ಮ ಅಭಿಪ್ರಾಯ ಬರೆಯಿರಿ. ಅರಬಿಯ ಸೂರಾಗಳನ್ನು ಅರ್ಥ ತಿಳಿಯುವ ಮೊದಲೇ ಗೌರವದಿಂದ ಓದಲು ಕಲಿತವರು ನಾವು. ಆ ಗೌರವದಲ್ಲಿ ಒಂದು ಪಾಲು ಫಕೀರನ ಹಾಡಿಗೂ ಇಟ್ಟುಕೊಂಡು, ಅದರ ಜೊತೆಗೆ ಅರ್ಥ ಹುಡುಕುವ ಕೆಲಸವನ್ನೂ ಮಾಡೋಣ. ಶರೀಫರ ರಿವಾಯತ್ ಪದಗಳಿಂದಲೇ ಶುರು ಮಾಡಬಹುದು. ಅವುಗಳ ಕನ್ನಡವೂ ನಮಗೆ ಬರುತ್ತದೆ, ಒಳಗಿನ ಅರಬಿ, ಫಾರ್ಸಿ ಪದಗಳ ಪರಿಚಯವೂ ಇದೆ. ಈ ಕೆಲಸಕ್ಕೆ ನಮಗಿಂತ ಹತ್ತಿರದವರು ಬೇರೆ ಯಾರಿದ್ದಾರೆ ಹೇಳಿ.